ಅಣ್ಣನ್ನ ಮನೆಯಿಂದ ಬಿಡಿಸೋಕಾಗುತ್ತಾ? 200 ರೂಪಾಯಿಯ ಪಾಲು ದಾವೆ

[ಸ್ಕ್ರೀನ್: ಬೀಗ ಜಡಿದ ಹಳೇ ಮನೆ ಬಾಗಿಲು]

"ಅಪ್ಪನ ಮನಿ ರೀ. ಅಣ್ಣ ಪೂರ್ತಿ ಹಿಡ್ಕೊಂಡು ಕುಂತಾನ, ಮುಂದಿನ ಅಂಗಡಿ ಬಾಡಿಗೀನೂ ಅವನ ತಗೋತಾನ. ಕೋರ್ಟಿಗೆ ಹೋಗಿ ಬಿಡಿಸಬಹುದೇನ್ರೀ?"

ಗಂಗಾವತಿ, ಸಿಂಧನೂರು, ಸಿರುಗುಪ್ಪ, ಎಲ್ಲಿ ಕೇಳಿದ್ರೂ ಇದೇ ಪ್ರಶ್ನೆ. ಉತ್ತರ: ಆಗಲ್ಲ, ಅವನೂ ಮಾಲೀಕ. ಆದ್ರೆ ಪಾಲು ಆದಮೇಲೆ, ನಿಮಗೆ ಬಂದ ಭಾಗದಿಂದ ಎಬ್ಬಿಸಬಹುದು.

ಬಾಡಿಗೆದಾರನ ವಿಷಯ ಬೇರೆ, ಬೇಗ ಮುಗಿಸ್ತೀನಿ. ತಿಂಗಳ ಬಾಡಿಗೆ ಆದ್ರೆ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್, ಬಿಡದಿದ್ರೆ ದಾವೆ. ಪಾಲುದಾರರಲ್ಲಿ ಒಬ್ಬರೇ ಹಾಕಿದ್ರೂ ನಡೆಯುತ್ತೆ, ಉಳಿದವರು ತಕರಾರು ತೆಗೀಬಾರದು ಅಷ್ಟೇ. ಬಾಡಿಗೆ ತೀರಾ ಕಡಿಮೆ ಇದ್ರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುತ್ತಾ ಅಂತ ಮೊದಲು ನೋಡ್ಕೊಳ್ಳಿ.

ಈಗ ಅಣ್ಣ.

[ಸ್ಕ್ರೀನ್: ಒಂದು ತಟ್ಟೆ ವಗ್ಗರಣಿ, ಮೇಲೆ ಒಂದೇ ಮಿರ್ಚಿ]

ನಾಲ್ಕು ಮಂದಿಗೆ ಒಂದೇ ತಟ್ಟೆ ವಗ್ಗರಣಿ ಅಂದ್ಕೊಳ್ಳಿ. ಈ ಮೂಲೆ ನಂದು, ಆ ಮೂಲೆ ನಿಂದು ಅಂತ ಇಲ್ಲ. ಒಂದೊಂದು ಮಂಡಕ್ಕಿ ಕಾಳಲ್ಲೂ ನಾಲ್ಕೂ ಜನರ ಹಕ್ಕಿದೆ. ಜಂಟಿ ಆಸ್ತಿ ಅಂದ್ರೆ ಹೀಗೆ. ಅಡುಗೆಮನೆಯ ಕಲ್ಲುಚಪ್ಪಡಿಯಲ್ಲೂ ನಿಮ್ಮ ಪಾಲಿದೆ, ಅಣ್ಣಂದೂ ಇದೆ. ಅದಕ್ಕೇ ಅವನನ್ನ "ಖಾಲಿ ಮಾಡು" ಅನ್ನೋಕಾಗಲ್ಲ, "ನಾಲ್ಕು ತಟ್ಟೆ ತಗೊಂಡು ಬಾ" ಅನ್ನಬಹುದು. ಆ ಕೇಳಿಕೆಯ ಹೆಸರೇ ಪಾಲು ದಾವೆ.

ಮತ್ತೆ ಆ ಒಂದೇ ಮಿರ್ಚಿ? ಇಪ್ಪತ್ತಡಿ ಅಗಲದ ಮನೆ ನಾಲ್ಕು ಭಾಗ ಮಾಡಿದ್ರೆ ಯಾರಿಗೂ ಕಾಲು ಚಾಚೋಕೆ ಜಾಗ ಇರಲ್ಲ. ಇದಕ್ಕೆ 1893ರ ಪಾರ್ಟಿಷನ್ ಕಾಯ್ದೆ ಇದೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಇರೋರು ಕೇಳಿದ್ರೆ ಕೋರ್ಟ್ ಮಾರಿ ಹಣ ಹಂಚೋಕೆ ಆದೇಶ ಮಾಡಬಹುದು. ಆಗ ಉಳಿದ ಪಾಲುದಾರ "ನಾನೇ ತಗೋತೀನಿ" ಅಂದ್ರೆ ಕೋರ್ಟ್ ಕಟ್ಟಿದ ಬೆಲೆಗೆ ಅವನಿಗೇ ಮಿರ್ಚಿ.

ಈಗ ನನ್ನ ಮೆಚ್ಚಿನ ಭಾಗ. ಕೋಟಿ ರೂಪಾಯಿ ಆಸ್ತಿಯ ಪಾಲು ದಾವೆಗೆ ಕೋರ್ಟ್ ಫೀ ಎಷ್ಟಿರಬಹುದು? 200 ರೂಪಾಯಿ!

[ಸ್ಕ್ರೀನ್: ಎರಡು ನೂರರ ನೋಟು]

1958ರ ಕರ್ನಾಟಕ ಕೋರ್ಟ್ ಫೀ ಕಾಯ್ದೆಯ 35ನೇ ಕಲಂ, ಎರಡನೇ ಉಪಕಲಂ. ಷರತ್ತು ಒಂದೇ: ನೀವೂ "ಜಂಟಿ ಸ್ವಾಧೀನ"ದಲ್ಲಿ ಇರಬೇಕು. ಹಾಗಂದ್ರೆ ಅಲ್ಲೇ ವಾಸ ಇರಬೇಕು ಅಂತಲ್ಲ. ಒಬ್ಬ ಪಾಲುದಾರನ ಸ್ವಾಧೀನ ಎಲ್ಲರ ಸ್ವಾಧೀನ ಅನ್ನೋದು ನಿಯಮ, ಹಾಗಾಗಿ ಮದುವೆಯಾಗಿ ಬಳ್ಳಾರಿಗೆ ಹೋದ ತಂಗಿಗೂ 200 ರೂಪಾಯಿಯೇ. ಆದ್ರೆ ಸಿಟ್ಟಿನಲ್ಲಿ ಅರ್ಜಿಯಲ್ಲಿ "2010ರಲ್ಲೇ ನನ್ನ ಹೊರಗೆ ಹಾಕಿ, ನಿಂಗೇನೂ ಇಲ್ಲ ಅಂದ" ಅಂತ ಬರೆಸಿದ್ರೋ, ಎರಡು ಕಡೆ ಪೆಟ್ಟು. ಒಂದು, ಫೀ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆ ಮೇಲೆ ಬೀಳುತ್ತೆ. ಎರಡು, ಹೊರಗಿಟ್ಟಿದ್ದು ಗೊತ್ತಾದ ದಿನದಿಂದ ಹಕ್ಕು ಕೇಳೋಕೆ 12 ವರ್ಷ ಅವಧಿ, 2010ರಿಂದ ಎಣಿಸಿ ನೋಡಿ. ಅಣ್ಣನ ವಕೀಲರಿಗೆ ಬೇರೆ ಸಾಕ್ಷಿಯೇ ಬೇಡ, ನಿಮ್ಮ ಅರ್ಜಿ ಸಾಕು. ಸುಳ್ಳು ಬರೀರಿ ಅಂತಲ್ಲ ಮತ್ತೆ. ಅಲ್ಲಿ ಬೈಗುಳಕ್ಕೆ ಜಾಗ ಇಲ್ಲ, ಅಷ್ಟೇ.

ದಾವೆ ಕೆಡೋದು ಇನ್ನೂ ಎರಡು ಕಡೆ. ಅಕ್ಕತಂಗಿಯರನ್ನ ಪಾರ್ಟಿ ಮಾಡದೇ ಬಿಡೋದು ಒಂದು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ. ತಿದ್ದುಪಡಿ ಬಂದ ದಿನ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು, ಮನೆಗೆ ಮಾತ್ರ ಹಾಕಿ ಹೊಲ ಕೈಬಿಡೋದು. ಹೊಲದ ಪಹಣಿ, ಪಂಚಾಯಿತಿ ಆಸ್ತಿಯ ನಮೂನೆ 9 ಮತ್ತು 11 ತೆಗೆಸಿ, ಎಲ್ಲಾ ಸರ್ವೆ ನಂಬರ್ ಸೇರಿಸಿ.

ಟೈಮ್ ಆಯ್ತು, ಓಡ್ತೀನಿ.

ಮೊದಲು ಪ್ರಾಥಮಿಕ ಡಿಕ್ರಿ, ಅಂದ್ರೆ ಯಾರಿಗೆ ಎಷ್ಟು ಪಾಲು ಅಂತ ಕೋರ್ಟ್ ಹೇಳೋದು: "ನಿನಗೆ ನಾಲ್ಕರಲ್ಲೊಂದು" ಅಂತ ಕಾಗದದ ಮೇಲೆ ಮಾತ್ರ. ಇದನ್ನ ಹಿಡ್ಕೊಂಡು ಪೊಲೀಸರನ್ನ ಕರ್ಕೊಂಡು ಮನೆಗೆ ಹೋಗಬೇಡಿ. ಮುಂದೆ ಎಫ್‌ಡಿಪಿ, ಅಂದ್ರೆ ಅಂತಿಮ ಡಿಕ್ರಿಯ ಪ್ರಕ್ರಿಯೆ: ಮನೆಗೆ ಕೋರ್ಟ್ ಕಮಿಷನರ್ ಟೇಪ್ ಹಿಡಿದು ಬರ್ತಾರೆ, ಕಂದಾಯದ ಹೊಲ ಆದ್ರೆ ಕೆಲಸ ಜಿಲ್ಲಾಧಿಕಾರಿ ಕಡೆಯಿಂದ ಸರ್ವೆಯವರಿಗೆ ಹೋಗುತ್ತೆ. ಮೆಟ್ಟಿಲು, ಬೋರ್‌ವೆಲ್, ಹೊಲದ ದಾರಿ ಯಾರಿಗೆ ಅನ್ನೋದು ಆ ವರದಿಯಲ್ಲೇ ಬರ್ಲಿ. ತಕರಾರಿದ್ರೆ ಆಗಲೇ ಹಾಕಿ.

ಈ ನಡುವೆ ಅಣ್ಣ ಮಾರೋಕೆ ಹೊರಟ್ರೆ ತಡೆಯಾಜ್ಞೆ ಕೇಳಿ. ಅವನ ಪಾಲು ಕೊಂಡ ಹೊರಗಿನವನು ವಾಸದ ಮನೆಗೆ ನುಗ್ಗಿ ಜೊತೆಗೆ ಇರೋ ಹಾಗಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ. ನೀವೂ ಬೀಗ ಬದಲಿಸಬೇಡಿ: ಹಾಗೆ ಹೊರದಬ್ಬಿಸಿಕೊಂಡವನು ಆರು ತಿಂಗಳೊಳಗೆ ದಾವೆ ಹಾಕಿದ್ರೆ, ಮಾಲೀಕ ಯಾರು ಅಂತಾನೂ ನೋಡದೆ ಕೋರ್ಟ್ ಅವನನ್ನ ಒಳಗೆ ಕೂರಿಸಬಹುದು.

ಅಂತಿಮ ಡಿಕ್ರಿ ಬಂದ್ಮೇಲೆ ಸ್ಟ್ಯಾಂಪ್ ಪೇಪರ್ ಕೊಡಬೇಕು, ಆಮೇಲೆ ಜಾರಿ ಅರ್ಜಿ. ಆಗ ಕೋರ್ಟಿನ ಅಮೀನರು ಬಂದು ನಿಮ್ಮ ಭಾಗ ಖಾಲಿ ಮಾಡಿಸಿ ಕೊಡ್ತಾರೆ. ಜಾರಿಗೆ 12 ವರ್ಷ. ಆ ಲೆಕ್ಕ ಡಿಕ್ರಿ ದಿನದಿಂದ ಶುರು, ಸ್ಟ್ಯಾಂಪ್ ಪೇಪರ್ ಕೊಟ್ಟ ದಿನದಿಂದ ಅಲ್ಲ.