ಊಹೆ ಬೇಡ, ಅಳೆದು ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಎಂಬೆಡೆಡ್ ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ವಾಷಿಂಗ್ ಮಷೀನು, ಮೈಕ್ರೋವೇವ್ ಒಲೆ, ರಕ್ತದೊತ್ತಡ ನೋಡುವ ಯಂತ್ರ, ಇವುಗಳ ಒಳಗೆಲ್ಲ ಮೈಕ್ರೋಕಂಟ್ರೋಲರ್ ಅನ್ನುವ ಪುಟ್ಟ ಕಂಪ್ಯೂಟರ್ ಇರುತ್ತದೆ. ಅದರ ಸುತ್ತ ಸರ್ಕ್ಯೂಟ್ ಕಟ್ಟುವುದು, ಅದಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಬರೆಯುವುದಕ್ಕಿಂತ, ಬರೆದದ್ದು ಯಾಕೆ ನಡೆಯುತ್ತಿಲ್ಲ ಅಂತ ಹುಡುಕುವುದೇ ಜಾಸ್ತಿ.

ಈ ಕೆಲಸಕ್ಕೆ ಬರಬೇಕು ಅಂತಿರುವ ಹುಡುಗ ಹುಡುಗಿಯರು ಕೇಳುತ್ತಿರಬಹುದು. ನಿಮಗೆ ನಾನು ಹೇಳುವುದು ಒಂದೇ ಮಾತು. ಊಹೆ ಬೇಡ, ಅಳೆದು ನೋಡಿ.

ಒಂದು ಬಟನ್ ಇದೆ ಅಂತಿಟ್ಟುಕೊಳ್ಳಿ. ಒಮ್ಮೆ ಒತ್ತಿದರೆ ದೀಪ ಹತ್ತಬೇಕು, ಇನ್ನೊಮ್ಮೆ ಒತ್ತಿದರೆ ಆರಬೇಕು. ಆದರೆ ಒಮ್ಮೆ ಒತ್ತಿದರೇ ಹತ್ತಿ ಆರಿಬಿಡುತ್ತದೆ. ಹೊಸಬರು ಏನು ಮಾಡುತ್ತಾರೆ? ಪ್ರೋಗ್ರಾಂನಲ್ಲಿ ಅಲ್ಲೊಂದು ಸಾಲು, ಇಲ್ಲೊಂದು ಸಾಲು ಬದಲಿಸುತ್ತಾರೆ. ಆಮೇಲೆ ಚಿಪ್ಪೇ ಸರಿಯಿಲ್ಲ ಅನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಿದ್ಯುತ್ ಸಂಕೇತ ಕ್ಷಣಕ್ಷಣಕ್ಕೂ ಹೇಗೆ ಬದಲಾಗುತ್ತದೆ ಅಂತ ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿ ನೋಡಿ. ಬಟನ್ ಒಳಗಿನ ಲೋಹದ ತುಂಡುಗಳು ತಾಗಿದ ಮೇಲೆ ಕೆಲವು ಮಿಲಿಸೆಕೆಂಡ್ ಪುಟಿಯುತ್ತವೆ. ನಿಮ್ಮ ಬೆರಳಿಗೆ ಅದು ಒಂದೇ ಒತ್ತು. ಚಿಪ್ಪಿಗೆ ನಾಲ್ಕೈದು ಒತ್ತು. ಕಾರಣ ಪರದೆಯ ಮೇಲೇ ಕಾಣುತ್ತದೆ. ಸ್ವಲ್ಪ ಕಾದು ಮತ್ತೊಮ್ಮೆ ಓದು ಅಂತ ಚಿಪ್ಪಿಗೆ ಹೇಳಿದರೆ ಮುಗಿಯಿತು.

ಇದು ಬರೀ ಮೇಜಿನ ಮೇಲಿನ ಪಾಠ ಅಲ್ಲ. ನನಗೆ ತುಂಬ ಇಷ್ಟವಾದ ಕಥೆ ಮಂಗಳ ಗ್ರಹದ್ದು. 1997ರ ಜುಲೈ 4ರಂದು ನಾಸಾದ ಪಾಥ್‌ಫೈಂಡರ್ ನೌಕೆ ಅಲ್ಲಿ ಇಳಿಯಿತು. ಒಳ್ಳೊಳ್ಳೆಯ ಚಿತ್ರ ಕಳಿಸಿತು. ಕೆಲವು ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿಯೇ ರೀಸೆಟ್ ಆಗತೊಡಗಿತು. ಭೂಮಿಯಿಂದ ಒಂದು ಸಂದೇಶ ಹೋಗಲು 10 ನಿಮಿಷಕ್ಕೂ ಜಾಸ್ತಿ ಬೇಕು. ಅಲ್ಲಿಗೆ ಹೋಗಿ ತಂತಿ ಹಚ್ಚಿ ನೋಡುವ ಹಾಗಿಲ್ಲ. ಏನು ಮಾಡುತ್ತೀರಿ?

ಆ ಎಂಜಿನಿಯರುಗಳು ಊಹಿಸುತ್ತಾ ಕೂರಲಿಲ್ಲ. ಅಂಥದೇ ಕಂಪ್ಯೂಟರ್ ಲ್ಯಾಬಿನಲ್ಲಿತ್ತು. ಯಾವ ಕೆಲಸ ಯಾವಾಗ ಶುರುವಾಯಿತು, ಯಾವಾಗ ನಿಂತಿತು ಅಂತ ದಾಖಲೆ ಇಡುವ ಸೌಲಭ್ಯ ಪ್ರೋಗ್ರಾಂನಲ್ಲೇ ಇತ್ತು. ಅದನ್ನು ಚಾಲೂ ಮಾಡಿ, ಲ್ಯಾಬಿನ ಕಂಪ್ಯೂಟರೂ ರೀಸೆಟ್ ಆಗುವ ತನಕ ಓಡಿಸಿದರು. ಆಯಿತು! ದಾಖಲೆ ತೆರೆದರೆ ವಿಷಯ ಸ್ಪಷ್ಟ. ಹವಾಮಾನದ ಮಾಹಿತಿ ಸೇರಿಸುವ ಸಣ್ಣ ಕೆಲಸವೊಂದು ಒಂದು ಬೀಗ ಹಿಡಿದುಕೊಂಡಿತ್ತು. ಬೀಗ ಅಂದರೆ, ಹಂಚಿಕೊಂಡು ಬಳಸುವುದನ್ನು ಒಂದು ಸಲಕ್ಕೆ ಒಂದೇ ಕೆಲಸ ಮುಟ್ಟಲಿ ಅಂತ ಪ್ರೋಗ್ರಾಂನಲ್ಲಿ ಇಡುವ ತಡೆ. ತುಂಬ ಮುಖ್ಯವಾದ ಕೆಲಸವೊಂದು ಅದೇ ಬೀಗಕ್ಕೆ ಕಾಯುತ್ತಿತ್ತು. ಅಷ್ಟರಲ್ಲಿ ಮಧ್ಯಮ ದರ್ಜೆಯ ಕೆಲಸವೊಂದು ಬಂದು ಸಣ್ಣದನ್ನು ತಡೆದು ನಿಲ್ಲಿಸಿತು. ಸಣ್ಣದು ಬೀಗ ಬಿಡಲಿಲ್ಲ, ಮುಖ್ಯ ಕೆಲಸ ಸಮಯಕ್ಕೆ ಮುಗಿಯಲಿಲ್ಲ. ಏನೋ ಕೆಟ್ಟಿದೆ ಅಂತ ಕಂಪ್ಯೂಟರ್ ತನ್ನನ್ನೇ ರೀಸೆಟ್ ಮಾಡಿಕೊಂಡಿತು. ಬೀಗ ಹಿಡಿದಿರುವಷ್ಟು ಹೊತ್ತು ಸಣ್ಣ ಕೆಲಸಕ್ಕೂ ಮುಖ್ಯ ಕೆಲಸದ ದರ್ಜೆ ಕೊಡುವ ಆಯ್ಕೆ ಮೊದಲೇ ಇತ್ತು, ಆದರೆ ಆಫ್ ಆಗಿತ್ತು. ಭೂಮಿಯಿಂದಲೇ ಆನ್ ಮಾಡಿದರು. ನೌಕೆ ಸರಿಯಾಯಿತು.

ಉಡಾವಣೆಗೆ ಮುಂಚೆ ಪರೀಕ್ಷೆ ಮಾಡುವಾಗಲೂ ಇಂಥ ರೀಸೆಟ್ ಕಂಡಿತ್ತಂತೆ. ಆದರೆ ಬೇಕೆಂದಾಗ ಮತ್ತೆ ಬರಲಿಲ್ಲ. ಒಮ್ಮೆ ಬಂದು ಮಾಯವಾಗುವ ದೋಷವನ್ನು ಸುಮ್ನೆ ಬಿಡಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ.

ಸಮಯ ಓಡುತ್ತಿದೆ. ನನ್ನ ಹವ್ಯಾಸದ ಬಗ್ಗೆ ಎರಡು ಮಾತು. ನಾನು ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕಾಗಿ ದೂರದವರ ಜೊತೆ ರೇಡಿಯೋ ಸಂಪರ್ಕ ಮಾಡುವುದರಲ್ಲಿ ಆಸಕ್ತ. ಅಲ್ಲೂ ಅಷ್ಟೇ, ನನ್ನ ಆಂಟೆನಾ ಚೆನ್ನಾಗಿದೆ ಅಂತ ಬರೀ ಬಾಯಲ್ಲಿ ಹೇಳಿದರೆ ಆಗುವುದಿಲ್ಲ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋಸೆಫ್ ಟೇಲರ್ ಕೂಡ ಹ್ಯಾಮ್. ಅವರು 2008ರಲ್ಲಿ ವಿಸ್ಪರ್ ಅನ್ನುವ ವಿಧಾನ ತಂದರು. ಒಂದು ವ್ಯಾಟ್‌ಗಿಂತ ಕಡಿಮೆ ಶಕ್ತಿಯಲ್ಲಿ, ಹತ್ತಿರ ಹತ್ತಿರ ಎರಡು ನಿಮಿಷ ನಿಧಾನವಾಗಿ ಸಂಕೇತ ಕಳಿಸುತ್ತೀರಿ. ಸಾವಿರಾರು ಕಿಲೋಮೀಟರ್ ಆಚೆ ಯಾರಿಗೆ ಕೇಳಿಸಿತು, ಎಷ್ಟು ಜೋರಾಗಿ ಕೇಳಿಸಿತು ಅಂತ ಅಂಕಿಗಳಲ್ಲೇ ಗೊತ್ತಾಗುತ್ತದೆ. ಎಷ್ಟು ಚೆಂದ ಅಲ್ವಾ?

ಶುರು ಮಾಡುವವರು ಮೊದಲು ವೋಲ್ಟೇಜ್, ಕರೆಂಟ್ ಅಳೆಯುವ ಒಂದು ಮಲ್ಟಿಮೀಟರ್ ತಗೊಳ್ಳಿ. ಬ್ಯಾಟರಿಯಲ್ಲಿ ಓಡುವ ಬೋರ್ಡುಗಳಲ್ಲೇ ಕಲಿಯಿರಿ, ಗೋಡೆಯ ಕರೆಂಟಿಗೆ ಕೈ ಹಾಕಬೇಡಿ. ನಮಸ್ಕಾರ.