ಫಿಟ್ಟರ್ ಇಲ್ಲದ ರಿವಾಲ್ವರ್

ಎಲ್ಲರಿಗೂ ನಮಸ್ಕಾರ. ರಿವಾಲ್ವರ್ ಬಗ್ಗೆ ಮಾತಾಡುತ್ತೇನೆ ಅಂದಾಗ ನಿಮ್ಮ ಮೇಷ್ಟ್ರು ಸ್ವಲ್ಪ ಗಾಬರಿಯಾದರು. ಗುಂಡು ಹಾರಿಸುವ ವಿಷಯ ಅಲ್ಲ ಸಾರ್, ಅರ ಹಾಕುವ ವಿಷಯ ಅಂದೆ. ಆಮೇಲೆ ಒಪ್ಪಿದರು.

ಫಿಟ್ಟರ್ ಟ್ರೇಡಿನವರು, ಅಂದರೆ ಲೋಹದ ಭಾಗಗಳನ್ನು ಅರ ಹಾಕಿ ಹೊಂದಿಸಲು ಕಲಿಯುವವರು, ನೀವೆಲ್ಲ ಚೌಕದ ಫಿಟ್ಟಿಂಗ್ ಮಾಡಿದ್ದೀರಿ, ಅಲ್ವಾ? ಒಂದು ತುಂಡಿನಲ್ಲಿ ಚೌಕದ ಖಾಲಿ ಜಾಗ, ಇನ್ನೊಂದು ತುಂಡು ಅದರಲ್ಲಿ ಹೋಗಿ ಕೂರಬೇಕು. ಕಿಟಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು. ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಕೋಲ್ಟ್ ಕಂಪನಿ 1955ರಲ್ಲಿ ಪೈಥಾನ್ ಎಂಬ ರಿವಾಲ್ವರ್ ತಂದಿತು. ಅದರ ಒಳಗಿನ ಕೆಲಸ ಹೆಚ್ಚುಕಡಿಮೆ ಇದೇ.

ಟ್ರಿಗರ್ ಎಳೆದಾಗ ಒಳಗೆ ಏನಾಗುತ್ತದೆ ನೋಡಿ. ಗುಂಡು ಕೂರುವ ಆರು ಮನೆಗಳಿರುವ ಸಿಲಿಂಡರಿನ ಹಿಂಬದಿಯಲ್ಲಿ ಆರು ಹಲ್ಲುಗಳಿವೆ. ಒಂದು ಸಣ್ಣ ಉಕ್ಕಿನ ಕಡ್ಡಿ, ಅದಕ್ಕೆ ಹ್ಯಾಂಡ್ ಅಂತಲೇ ಹೆಸರು, ಮೇಲೆದ್ದು ಹಲ್ಲನ್ನು ತಳ್ಳುತ್ತದೆ. ಸಿಲಿಂಡರ್ ಒಂದು ಮನೆ ತಿರುಗುತ್ತದೆ. ಆಗ ಕೆಳಗಿನಿಂದ ಸಿಲಿಂಡರನ್ನು ತಡೆದು ನಿಲ್ಲಿಸುವ ಬೋಲ್ಟ್ ಬಂದು ಸಿಲಿಂಡರಿನ ಮೈಮೇಲಿನ ಕಚ್ಚಿನಲ್ಲಿ ಕೂರಬೇಕು. ಅದಾದ ಮೇಲೆ ಗುಂಡು ಸಿಡಿಸುವ ಹ್ಯಾಮರ್ ಬೀಳಬೇಕು. ಮೊದಲೇ ಬಿದ್ದರೆ ಗುಂಡಿನ ಮನೆ, ನಳಿಗೆ ಎರಡೂ ಒಂದೇ ಗೆರೆಯಲ್ಲಿ ಇರುವುದಿಲ್ಲ. ಗುಂಡು ಅಂಚಿಗೆ ಕೆರೆದುಕೊಂಡು ಹೋಗುತ್ತದೆ. ಇದಕ್ಕೆ ಟೈಮಿಂಗ್ ಅನ್ನುತ್ತಾರೆ. ಬೈಕ್ ಎಂಜಿನ್ ಬಿಚ್ಚಿದವರಿಗೆ ಪದ ಹೊಸದಲ್ಲ. ಆದರೆ ಇಲ್ಲಿ ಆರು ಮನೆ, ಆರಕ್ಕೂ ಬೇರೆ ಬೇರೆ ನೋಡಬೇಕು.

ಪೈಥಾನಿನಲ್ಲಿ ಟ್ರಿಗರ್ ಪೂರ್ತಿ ಎಳೆದು ಹಿಡಿದರೆ ಹ್ಯಾಂಡ್ ಹಲ್ಲನ್ನು ಒತ್ತಿಕೊಂಡೇ ಇರುತ್ತಿತ್ತು. ಸಿಲಿಂಡರ್ ಅಲ್ಲಾಡುತ್ತಿರಲಿಲ್ಲ. ಈ ಬಿಗಿಗೇ ಅದು ಹೆಸರುವಾಸಿ. ಆ ಬಿಗಿ ಬರಬೇಕಾದರೆ ಸಾಣೆಕಲ್ಲಿನಲ್ಲಿ ಒಂದೆರಡು ಸಲ ತಿಕ್ಕು, ಹಾಕು, ಆಡಿಸಿ ನೋಡು, ಮತ್ತೆ ತೆಗೆ. ಜಾಸ್ತಿ ತಿಕ್ಕಿದೆಯೋ, ಕಡ್ಡಿ ಗಿಡ್ಡ. ಆಗ ಅದನ್ನು ಮೆಲ್ಲಗೆ ಬಡಿದು ಉದ್ದ ಮಾಡಬೇಕು. ಇನ್ನೊಂದು ತೊಂದರೆ, ಯಾವ ಒತ್ತಡದಿಂದ ಬಿಗಿ ಬಂತೋ ಅದೇ ಒತ್ತಡದಿಂದ ಹ್ಯಾಂಡ್ ಸವೆಯುತ್ತದೆ. ಸವೆದರೆ ಮತ್ತೆ ಕೆಲಸ ಗೊತ್ತಿರುವ ಕೈಯೇ ಬೇಕು.

ಹೊರಮೈಯ ನೀಲಿಗೆ ರಾಯಲ್ ಬ್ಲೂ ಎಂದು ಹೆಸರು. ಅದು ಬಳಿದ ಬಣ್ಣ ಅಲ್ಲ. ಉಕ್ಕನ್ನು ಕನ್ನಡಿಯ ಹಾಗೆ ಉಜ್ಜಿ, ಆಮೇಲೆ ನೀಲಿಗಟ್ಟಿಸುವುದು. ಪಾಲಿಶ್ ಚಕ್ರಕ್ಕೆ ಒಂಚೂರು ಜಾಸ್ತಿ ಒತ್ತಿದರೂ ಅಂಚು ಉರುಟಾಗುತ್ತದೆ, ಅಕ್ಷರ ಮಾಸುತ್ತದೆ, ಸ್ಕ್ರೂ ತೂತಿನ ಸುತ್ತ ತಟ್ಟೆಯ ಹಾಗೆ ಗುಳಿ ಬೀಳುತ್ತದೆ. ಹಳೆಯ ರಿವಾಲ್ವರನ್ನು ಮತ್ತೆ ಪಾಲಿಶ್ ಮಾಡಿದ್ದಾರೋ ಅಂತ ತಿಳಿಯಲು ಪಳಗಿದವರು ನೋಡುವುದು ಈ ತೂತುಗಳನ್ನೇ.

ತಮಾಷೆ ಏನು ಗೊತ್ತಾ? ಕೈಕೆಲಸ ತಪ್ಪಿಸಬೇಕು ಅಂತ ಹೊರಟವನು ಕಂಪನಿ ಕಟ್ಟಿದ ಸ್ಯಾಮ್ಯುಯೆಲ್ ಕೋಲ್ಟನೇ. 1855ರ ಹೊತ್ತಿಗೆ ಹಾರ್ಟ್‌ಫರ್ಡ್‌ನಲ್ಲಿ ದೊಡ್ಡ ಕಾರ್ಖಾನೆ ಎದ್ದಿತ್ತು. ಎಲೈಷಾ ರೂಟ್ ಎಂಬ ಮೇಲ್ವಿಚಾರಕ ಅಲ್ಲಿ ಯಂತ್ರದ ಮೇಲೆ ಯಂತ್ರ ಹೂಡಿದ. ಯಾವ ಭಾಗ ಎತ್ತಿಕೊಂಡರೂ ಯಾವ ರಿವಾಲ್ವರಿಗಾದರೂ ಕೂರಬೇಕು ಅನ್ನುವುದು ಗುರಿ. ಕೂರುತ್ತಿರಲಿಲ್ಲ! ಅರ ಹಾಕಿ ಹೊಂದಿಸಿ, ಬಿಚ್ಚಿ, ಭಾಗಗಳ ಮೇಲೆ ಒಂದೇ ನಂಬರ್ ಹೊಡೆದು, ಆಮೇಲೆ ಗಟ್ಟಿಮಾಡಲು ಕಳಿಸುತ್ತಿದ್ದರು. ನಂಬರ್ ಇಲ್ಲದಿದ್ದರೆ ಇದರ ಹ್ಯಾಂಡ್ ಅದಕ್ಕೆ ಹೋಗಿ ಎಡವಟ್ಟು. (ಇದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಇಬ್ಬರ ಹೆಸರು ಪ್ರ್ಯಾಟ್ ಮತ್ತು ವಿಟ್ನಿ. ವಿಮಾನದ ಎಂಜಿನ್ ಮೇಲೆ ಆ ಹೆಸರು ನೋಡಿರುತ್ತೀರಿ.)

ನೂರು ವರ್ಷ ಯಂತ್ರಕ್ಕೆ ಆಗದ್ದು ಆಮೇಲೆ ಬೇಗ ಬೇಗ ಆಯಿತು. 1980ರ ದಶಕದಲ್ಲಿ ಅಮೆರಿಕದ ಪೊಲೀಸರು ರಿವಾಲ್ವರ್ ಬಿಟ್ಟು ಸಿಲಿಂಡರ್ ಇಲ್ಲದ ಪಿಸ್ತೂಲಿನ ಕಡೆ ಹೊರಟರು. 1986ರಲ್ಲಿ ಕೋಲ್ಟ್ ಕೆಲಸಗಾರರ ಮುಷ್ಕರ ಶುರುವಾಯಿತು. ಮುಗಿದದ್ದು 1990ರಲ್ಲಿ! ನಾಲ್ಕು ವರ್ಷ ಕಾಲ, ಪಳಗಿದವರು ಗೇಟಿನ ಹೊರಗೆ, ಒಳಗೆ ಹೊಸಬರು. 1992ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಪೈಥಾನ್ ಮಾಮೂಲಿ ತಯಾರಿಕೆ 1999ರ ಹೊತ್ತಿಗೆ ನಿಂತಿತು. ಸುಮ್ನೆ ಯಂತ್ರವೇ ಫಿಟ್ಟರನ್ನು ನುಂಗಿತು ಅಂತ ಹೇಳುವವರಿಗೆ ನಾನು ಈ ನಾಲ್ಕು ವರ್ಷ ನೆನಪಿಸುತ್ತೇನೆ.

ಅತ್ತ ಸ್ಮಿತ್ ಅಂಡ್ ವೆಸನ್ ಎಂಬ ರಿವಾಲ್ವರ್ ಕಂಪನಿ ಇನ್ನೊಂದು ದಾರಿ ಹಿಡಿಯಿತು. 1990ರ ದಶಕದಲ್ಲಿ ಹ್ಯಾಮರ್, ಟ್ರಿಗರ್‌ಗಳನ್ನು ಲೋಹದ ಪುಡಿಯಿಂದ ಮಾಡತೊಡಗಿತು. ಪುಡಿಗೆ ಅಂಟು ಬೆರೆಸಿ ಅಚ್ಚಿಗೆ ತುಂಬಿ ಕುಲುಮೆಗೆ ಇಟ್ಟರೆ ಭಾಗ ಕುಗ್ಗಿ ಬೇಕಾದ ಅಳತೆಗೆ ಬರುತ್ತದೆ. ಅರ ಬೇಕಾಗುವುದೇ ಅಪರೂಪ. ಹಳೆ ಕಾಲದವರು ಇದನ್ನು ಬೈಯುತ್ತಾರೆ. ನನಗೆ ಅಷ್ಟು ಸಿಟ್ಟಿಲ್ಲ. ಒಂದರ ಹಾಗೆ ಇನ್ನೊಂದು ಬರುತ್ತದೆ, ಅದೇನು ಸಣ್ಣ ಮಾತಲ್ಲ.

2020ರಲ್ಲಿ ಪೈಥಾನ್ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ವಾಪಸ್ ಬಂತು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಕೆಲಸ, ಒಳಗೆ ಭಾಗಗಳೂ ಕಡಿಮೆ. ಹಳೆಯ ಫಿಟ್ಟರ್ ಮಾಡುತ್ತಿದ್ದದ್ದನ್ನು ಯಂತ್ರಕ್ಕೆ ಕಲಿಸಲಿಲ್ಲ. ಆ ಕೆಲಸವೇ ಬೇಕಾಗದ ಹಾಗೆ ಒಳಗಿನ ವಿನ್ಯಾಸ ಬದಲಿಸಿದರು. ಗಟ್ಟಿ ರಿವಾಲ್ವರ್, ಒಪ್ಪುತ್ತೇನೆ. ಆದರೆ ಹಳೆಯದು ಕೆಟ್ಟಾಗ ಹೊಸದರ ಬಿಡಿಭಾಗ ತಂದು ಹಾಕಿದರೆ ಆಗುವುದಿಲ್ಲ. ಆ ಕೆಲಸ ಬಲ್ಲವರಿಗೆ ವಯಸ್ಸಾಗಿದೆ. ಹೊಸಬರು ಕಲಿಯಲು ದಿನಾ ಅದೇ ಕೆಲಸ ಇರುವ ಬೆಂಚು ಕಾರ್ಖಾನೆಯಲ್ಲಿ ಇಲ್ಲ.

ಫ್ರಾನ್ಸಿನಲ್ಲಿ ಎಂಆರ್73 ಎಂಬ ರಿವಾಲ್ವರ್ ಇನ್ನೂ ಕೈಯಲ್ಲೇ ಹೊಂದಿಸಿಕೊಂಡು ಬರುತ್ತಿದೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಸರಿ, ಚೌಕದ ಫಿಟ್ಟಿಂಗ್ ತನ್ನಿ ಅಂದಿದ್ದೆ. ಯಾರು ತಂದಿದ್ದೀರಿ? ಬನ್ನಿ, ಕಿಟಕಿಗೆ ಹಿಡಿದು ನೋಡೋಣ.