ಮೊದಲು ಮರಳಿ ಬರಲಿ

ಕೇಳುಗರಿಗೆ ನಮಸ್ಕಾರ.

ಮನೆಗೆ ಲ್ಯಾಬ್ರಡಾರ್ ಅಥವಾ ಗೋಲ್ಡನ್ ರಿಟ್ರೀವರ್ ಮರಿ ಬಂದಿದೆ ಅಂದುಕೊಳ್ಳಿ. ಎಂಟು ವಾರದ ಮರಿ. ಮುಂದೆ ಅದು ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಹುಡುಕಿ ತರಬೇಕು, ಫೀಲ್ಡ್ ಟ್ರಯಲ್ ಅನ್ನುವ ಬೇಟೆನಾಯಿಗಳ ಸ್ಪರ್ಧೆಯಲ್ಲಿ ಓಡಬೇಕು ಅಂತ ನಿಮಗೆ ಆಸೆ. ಮೊದಲ ದಿನವೇ ಬಯಲಿಗೆ ಕರೆದುಕೊಂಡು ಹೋಗಿ ಏನನ್ನಾದರೂ ದೂರಕ್ಕೆ ಎಸೆಯೋಣ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಾಳಿ.

ಓಡಿಹೋಗಿ ಬಾಯಲ್ಲಿ ಎತ್ತಿಕೊಳ್ಳುವುದು ಈ ತಳಿಗಳ ರಕ್ತದಲ್ಲೇ ಇದೆ. ಕಲಿಸಬೇಕಾದದ್ದು ಮರಳಿ ಬರುವುದನ್ನು. ನನ್ನ ಮೊದಲ ಮರಿಗೆ ನಾನು ಇದನ್ನು ಕಲಿಸಲಿಲ್ಲ. ಬಯಲಲ್ಲಿ ಎಸೆದೆ. ಅದು ಎತ್ತಿಕೊಂಡು ಓಡಿತು, ನಾನು ಹಿಂದೆ ಓಡಿದೆ. ಮರಿಗೆ ಅದೇ ಆಟವಾಯಿತು. ಆ ಚಟ ಬಿಡಿಸಲು ತಿಂಗಳುಗಳೇ ಹಿಡಿದವು. ಪಾಪ, ಅದರ ತಪ್ಪೇನೂ ಇರಲಿಲ್ಲ.

ಅದಕ್ಕೇ ಮನೆಯೊಳಗೆ, ಉದ್ದನೆಯ ಕಿರಿದಾದ ಜಾಗದಲ್ಲಿ ಶುರು ಮಾಡಿ. ಬಾಗಿಲುಗಳನ್ನೆಲ್ಲ ಮುಚ್ಚಿ, ಒಂದು ತುದಿಯಲ್ಲಿ ನೆಲದ ಮೇಲೆ ಕೂತುಕೊಳ್ಳಿ. ಗಂಟು ಹಾಕಿದ ಕಾಲುಚೀಲವೊಂದು ಸಾಕು. ನಾಲ್ಕೈದು ಅಡಿ ದೂರಕ್ಕೆ ಎಸೆಯಿರಿ. ಎತ್ತಿಕೊಂಡು ತಿರುಗಿದ ಮರಿಗೆ ಬೇರೆ ದಾರಿ ಇಲ್ಲ, ನಿಮ್ಮ ಹತ್ತಿರವೇ ಬರಬೇಕು. ಬಂದ ತಕ್ಷಣ ಕಿತ್ತುಕೊಳ್ಳಬೇಡಿ. ಎದೆ ಸವರಿ, ಬೆನ್ನು ತಟ್ಟಿ. ಸ್ವಲ್ಪ ಹೊತ್ತು ಅದು ಹಿಡಿದುಕೊಂಡೇ ಇರಲಿ. ತಂದುಕೊಟ್ಟರೆ ಕಳೆದುಕೊಳ್ಳುತ್ತೇನೆ ಅನ್ನಿಸಿದ ಮರಿ ದೂರದಲ್ಲೇ ನಿಲ್ಲುತ್ತದೆ, ಇಲ್ಲವೇ ಹಲ್ಲು ಬಿಗಿಯುತ್ತದೆ. ಹಕ್ಕಿಯನ್ನು ಜಜ್ಜದೆ ತರುವ ಮೆತ್ತನೆಯ ಬಾಯಿ ಬೇಕಾದರೆ ಜಗ್ಗಾಡುವ ಆಟವೇ ಬೇಡ.

ದಿನಕ್ಕೆ ಎರಡು ಎಸೆತ, ಜಾಸ್ತಿ ಅಂದರೆ ಮೂರು. ಇನ್ನೊಂದು ಸಲ ಅಂತ ಮರಿ ಕಣ್ಣಲ್ಲೇ ಕೇಳುತ್ತಿರುವಾಗ ನಿಲ್ಲಿಸಿಬಿಡಿ.

ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ. ವಸಡು ನೋಯುವ ಆ ದಿನಗಳಲ್ಲಿ ಎಸೆತ ಪೂರ್ತಿ ನಿಲ್ಲಲಿ. ಕೂರುವುದು, ಪಕ್ಕದಲ್ಲಿ ನಡೆಯುವುದು, ಸೀಟಿಗೆ ಕಿವಿಗೊಡುವುದು ಆಗ ಕಲಿಯಲಿ. ಒಂದು ಉದ್ದ ಸೀಟಿ ಅಂದರೆ ಕೂತ್ಕೋ. ಚಿಕ್ಕ ಚಿಕ್ಕ ಸೀಟಿಗಳು ಅಂದರೆ ಬಾ. ಊಟ ಇಡುವ ಹೊತ್ತಿಗೆ ಈ 'ಬಾ' ಸೀಟಿ ಊದಿ ನೋಡಿ, ಎಷ್ಟು ಬೇಗ ಹಿಡಿಯುತ್ತದೆ!

ಆಮೇಲೆ ಬಯಲು. ಹುಲ್ಲು ಗಿಡ್ಡವಿರಲಿ. ಡಮ್ಮಿ, ಅಂದರೆ ಹಕ್ಕಿಯ ಬದಲಿಗೆ ಎಸೆಯುವ ವಸ್ತು, ಬಿಳಿ ಬಣ್ಣದ್ದೇ ಆಗಿರಲಿ. ನಾಯಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತವೆ. ಕೆಂಪು, ಹಸಿರುಗಳ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ. ಹಸಿರು ಹುಲ್ಲಿನಲ್ಲಿ ನಮಗೆ ಥಟ್ಟನೆ ಕಾಣುವ ಕಿತ್ತಳೆ ಬಣ್ಣದ ಡಮ್ಮಿ ಅದರ ಕಣ್ಣಿಗೆ ಹುಲ್ಲಿನಲ್ಲೇ ಕರಗಿಹೋಗುತ್ತದೆ. ಡಮ್ಮಿ ಬಿದ್ದ ಜಾಗವನ್ನು ಕಣ್ಣಲ್ಲಿ ಗುರುತಿಟ್ಟು ನೇರ ಅಲ್ಲಿಗೇ ಓಡುವುದು ಮರಿ ಕಲಿಯಬೇಕಾದ ಮೊದಲ ವಿದ್ಯೆ. ಅದಕ್ಕೆ ಬಿಳಿಯೇ ಸರಿ. ಕಿತ್ತಳೆಗೂ ಕಾಲ ಬರುತ್ತದೆ. ಎಲ್ಲಿದೆ ಅಂತ ಗೊತ್ತಿಲ್ಲದೆ, ನಿಮ್ಮ ಸೀಟಿ ಮತ್ತು ಕೈಸನ್ನೆಯನ್ನೇ ನಂಬಿ ಹೋಗುವ ಪಾಠ ಮುಂದಿದೆಯಲ್ಲ, ಆಗ.

ನೀರಿನ ವಿಷಯ ಒಂದೇ ಮಾತು. ತಣ್ಣಗೆ ಕೊರೆಯುವ ನೀರು ಬೇಡ, ಮರಿಯನ್ನು ಎತ್ತಿ ನೀರಿಗೆ ಎಸೆಯುವುದಂತೂ ಬೇಡವೇ ಬೇಡ. ನೀವೇ ಮೊದಲು ಇಳಿಯಿರಿ.

ಸ್ಪರ್ಧೆಯ ಅವಸರವೂ ಬೇಡ. ಅಮೆರಿಕದ ಟ್ರಯಲ್‌ಗಳಲ್ಲಿ ಡರ್ಬಿ ಅನ್ನುವ ವಿಭಾಗ ಎರಡು ವರ್ಷ ತುಂಬದ ನಾಯಿಗಳಿಗೇ ಮೀಸಲು. ಆ ಗಡುವು ನೋಡಿ ಮರಿಯನ್ನು ದುಡಿಸುವವರಿದ್ದಾರೆ. ಕೀಲುಗಳು ಇನ್ನೂ ಬಲಿಯುತ್ತಿರುವ ಎಳೆ ಪ್ರಾಣಿ ಅದು. ಎತ್ತರದ ಜಿಗಿತ, ಉದ್ದದ ಓಟ ಒಂದು ವರ್ಷ ದಾಟುವವರೆಗೆ ಕಾಯಲಿ. ಹಂಟ್ ಟೆಸ್ಟ್‌ಗಳಲ್ಲಾದರೆ ನಾಯಿ ಇನ್ನೊಂದು ನಾಯಿಯನ್ನು ಸೋಲಿಸಬೇಕಿಲ್ಲ, ಗೊತ್ತುಮಾಡಿದ ಮಟ್ಟ ಮುಟ್ಟಿದರೆ ಸಾಕು. ಹೊಸಬರಿಗೆ ನಾನು ಹೇಳುವುದು ಅದನ್ನೇ.

ಕೊನೆಯದು, ಬಂದೂಕಿನ ಸದ್ದು. ಹೆದರುತ್ತದೋ ಇಲ್ಲವೋ ಪರೀಕ್ಷೆ ಮಾಡೋಣ ಅಂತ ಸುಮ್ನೆ ಮರಿಯ ಪಕ್ಕದಲ್ಲೇ ನಿಂತು ಗಾಳಿಯಲ್ಲಿ ಗುಂಡು ಹಾರಿಸಬೇಡಿ. ಒಮ್ಮೆ ಕೂತ ಭಯ ತೆಗೆಯುವುದು ಬಹಳ ಕಷ್ಟ. ಜೊತೆಗಾರರೊಬ್ಬರು ನೂರು ಗಜಕ್ಕೂ ದೂರ ನಿಲ್ಲಲಿ. ಅಲ್ಲಿ ಗುಂಡಿಲ್ಲದೆ ಬರೀ ಸದ್ದು ಮಾಡುವ ಸಣ್ಣ ಪಿಸ್ತೂಲಿನ ಒಂದು ಸದ್ದು, ಕೂಡಲೇ ಗಾಳಿಯಲ್ಲಿ ಡಮ್ಮಿ. ಮರಿ ಕಿವಿ ಮಡಚಿ ಕುಗ್ಗಿದರೆ ಅವತ್ತಿಗೆ ಸದ್ದು ಸಾಕು. ಕುಗ್ಗದಿದ್ದರೆ ದಿನ ದಿನ ಹೀಗೇ ನಡೆಯಲಿ. ಒಂದು ಬೆಳಿಗ್ಗೆ ಸದ್ದು ಕೇಳಿದ ಕೂಡಲೇ ಮರಿ ಬಾಲ ಆಡಿಸುತ್ತಾ ಆಕಾಶ ನೋಡುತ್ತದೆ, ಏನೋ ಬೀಳುತ್ತದೆ ಅಂತ. ಅವತ್ತು ಜೊತೆಗಾರರಿಗೆ ಹತ್ತು ಹೆಜ್ಜೆ ಹತ್ತಿರ ಬರಲು ಹೇಳಿ.

ನಮಸ್ಕಾರ.